ರಾಸ್ಪ್‌ಬೆರಿ ಪೈ ಪ್ರೋಗ್ರಾಮನ್ನು ಇಂಟೆಲ್ ಲ್ಯಾಪ್‌ಟಾಪ್‌ನಲ್ಲಿ ಓಡಿಸುವ ಬಗೆ

ಆರ್ಮ್ ಬಗೆಯ ಪ್ರೊಸೆಸರ್ ಇರುವ ಪುಟ್ಟ ಕಂಪ್ಯೂಟರ್ ಬೋರ್ಡಾದ ರಾಸ್ಪ್‌ಬೆರಿ ಪೈಗೆಂದು ಕಂಪೈಲ್ ಮಾಡಿದ 64-ಬಿಟ್ ಆರ್ಮ್ ಪ್ರೋಗ್ರಾಮನ್ನು ಇಂಟೆಲ್ ಅಥವಾ ಎಎಂಡಿ ಲ್ಯಾಪ್‌ಟಾಪ್‌ನ ಲಿನಕ್ಸ್‌ನಲ್ಲಿ ಓಡಿಸಹೋದರೆ ‘ಎಕ್ಸೆಕ್ ಫಾರ್ಮ್ಯಾಟ್ ಎರರ್’ ಎಂಬ ಒಂದೇ ಸಾಲು ಬರುತ್ತದೆ. ಫೈಲ್ ಕೆಟ್ಟಿಲ್ಲ. ಲಿನಕ್ಸ್ ಪ್ರೋಗ್ರಾಮುಗಳ ಸ್ವರೂಪವಾದ ಇಎಲ್ಎಫ್ ಫೈಲಿನ ಹೆಡರ್‌ನಲ್ಲಿ, ಸೊನ್ನೆಯಿಂದ ಎಣಿಸಿದರೆ 18ನೇ ಬೈಟಿನ ಜಾಗದಲ್ಲಿ, ಪ್ರೊಸೆಸರ್‌ನ ಗುರುತಿನ ಸಂಖ್ಯೆ ಇರುತ್ತದೆ. ಇಂಟೆಲ್, ಎಎಂಡಿಗಳ ಎಕ್ಸ್86-64ಕ್ಕೆ ಅದು 62, 64-ಬಿಟ್ ಆರ್ಮ್‌ಗೆ 183. ಲಿನಕ್ಸ್‌ನ ತಿರುಳಾದ ಕರ್ನಲ್ 183ನ್ನು ಕಂಡು ಕೈಚೆಲ್ಲಿದೆ, ಅಷ್ಟೆ. ಆದ್ದರಿಂದ ಮೊದಲು ‘ಫೈಲ್’ ಕಮಾಂಡ್ ಕೊಟ್ಟು, ಪ್ರೋಗ್ರಾಮ್ ಯಾವ ಪ್ರೊಸೆಸರ್‌ನದು, ಅದು ಸ್ಟ್ಯಾಟಿಕ್ ಲಿಂಕ್ (ಬೇಕಾದ ಲೈಬ್ರರಿಗಳು ಫೈಲಿನೊಳಗೇ ಇರುವುದು) ಆಗಿದೆಯೋ ಡೈನಾಮಿಕ್ ಲಿಂಕ್ (ಓಡುವಾಗ ಹೊರಗಿನಿಂದ ತರುವುದು) ಆಗಿದೆಯೋ ಎಂಬೆರಡನ್ನೂ ನೋಡಿಕೊಳ್ಳಬೇಕು. ಎರಡನೆಯದು ಮುಂದೆ ಕೆಲಸಕ್ಕೆ ಬರುತ್ತದೆ.

ಇದಕ್ಕೆ ಪರಿಹಾರ ಎಮ್ಯುಲೇಟರ್, ಅಂದರೆ ಬೇರೊಂದು ಪ್ರೊಸೆಸರನ್ನು ಅನುಕರಿಸುವ ಪ್ರೋಗ್ರಾಮ್. ಫ್ಯಾಬ್ರಿಸ್ ಬೆಲ್ಲಾರ್ಡ್ ಆರಂಭಿಸಿದ ಕ್ಯೂಎಮು ಎಮ್ಯುಲೇಟರ್‌ಗೆ ಎರಡು ಬಗೆಯ ಬಳಕೆಗಳಿವೆ. ಸಿಸ್ಟಮ್ ಮೋಡ್‌ನಲ್ಲಿ ಅದು ಬೋರ್ಡು, ಮೆಮೊರಿ, ಡಿಸ್ಕು ಸೇರಿದಂತೆ ಇಡೀ ಯಂತ್ರವನ್ನೇ ಅನುಕರಿಸುತ್ತದೆ. ಯೂಸರ್ ಮೋಡ್‌ನಲ್ಲಾದರೋ ಪ್ರೋಗ್ರಾಮಿನ ಆದೇಶಗಳನ್ನು ಮಾತ್ರ ತುಂಡುತುಂಡಾಗಿ ಇಂಟೆಲ್‌ನ ಆದೇಶಗಳಿಗೆ ಬದಲಿಸುತ್ತ, ಫೈಲ್ ತೆರೆಯುವಂಥ ಸಿಸ್ಟಮ್ ಕಾಲ್‌ಗಳನ್ನು ನಮ್ಮದೇ ಕರ್ನಲ್‌ಗೆ ಒಪ್ಪಿಸುತ್ತದೆ. ಒಂದು ಟರ್ಮಿನಲ್ ಪ್ರೋಗ್ರಾಮಿಗಾಗಿ ಇಡೀ ಆಪರೇಟಿಂಗ್ ಸಿಸ್ಟಮ್‌ನ ಇಮೇಜ್ ಇಳಿಸಿಕೊಳ್ಳುವವರಿದ್ದಾರೆ. ಅದು ದಂಡದ ಕೆಲಸ; ಯೂಸರ್ ಮೋಡ್ ಸಾಕು.

ಡೆಬಿಯನ್ 12 ಎಂಬ ಲಿನಕ್ಸ್‌ನಲ್ಲಿ ಕ್ಯೂಎಮು-ಯೂಸರ್-ಸ್ಟ್ಯಾಟಿಕ್ ಮತ್ತು ಬಿನ್‌ಫ್ಮಟ್-ಸಪೋರ್ಟ್ ಎಂಬ ಪ್ಯಾಕೇಜುಗಳನ್ನು ಹಾಕಿಕೊಂಡರೆ, 183ರ ಗುರುತುಳ್ಳ ಫೈಲ್ ಎದುರಾದಾಗ ಕ್ಯೂಎಮುವನ್ನು ಕರೆಯಬೇಕೆಂದು ಕರ್ನಲ್‌ನಲ್ಲಿ ನೋಂದಣಿಯಾಗುತ್ತದೆ. ಆಮೇಲೆ ಪ್ರೋಗ್ರಾಮನ್ನು ಎಂದಿನಂತೆ ಹೆಸರಿನಿಂದಲೇ ಓಡಿಸಬಹುದು.

ಸ್ಟ್ಯಾಟಿಕ್ ಲಿಂಕ್ ಆಗಿದ್ದರೆ ಕೆಲಸ ಇಲ್ಲಿಗೇ ಮುಗಿಯಿತು. ಡೈನಾಮಿಕ್ ಆಗಿದ್ದರೆ ಈಗ ಬೇರೊಂದು ದೂರು ಬರುತ್ತದೆ: ಲೈಬ್ರರಿಗಳನ್ನು ತಂದು ಜೋಡಿಸುವ ಆರ್ಮ್‌ನ ಡೈನಾಮಿಕ್ ಲೋಡರ್ ಫೈಲ್ ಸಿಗಲಿಲ್ಲ ಎಂದು. ಹೆಚ್ಚಿನವರು ಎಡವುವುದು ಇಲ್ಲೇ. ತಪ್ಪು ಎಮ್ಯುಲೇಟರ್‌ನದೆಂದು ಅದನ್ನೇ ತೆಗೆದು ಮತ್ತೆ ಹಾಕುತ್ತಾರೆ. ವಾಸ್ತವವಾಗಿ ಕೊರತೆಯಿರುವುದು ಲೈಬ್ರರಿಗಳದು. ಡಿಪಿಕೆಜಿ ಕಮಾಂಡಿನಿಂದ ಆರ್ಮ್64 ಆರ್ಕಿಟೆಕ್ಚರನ್ನು ಸೇರಿಸಿ, ಪ್ಯಾಕೇಜ್ ಪಟ್ಟಿಯನ್ನು ಅಪ್‌ಡೇಟ್ ಮಾಡಿ, ಸಿ ಲೈಬ್ರರಿಯ ಆರ್ಮ್64 ಆವೃತ್ತಿಯನ್ನೂ ಪ್ರೋಗ್ರಾಮ್ ಕೇಳುವ ಉಳಿದ ಲೈಬ್ರರಿಗಳನ್ನೂ ಹಾಕಿಕೊಳ್ಳಬೇಕು.

ಸರಿಯಾಗಿದೆಯೇ ಎಂದು ನೋಡಲು ಯಂತ್ರದ ಮತ್ತು ಕರ್ನಲ್‌ನ ವಿವರ ಹೇಳುವ ‘ಯುನೇಮ್’ ಪ್ರೋಗ್ರಾಮನ್ನೇ ಪೈನಿಂದ ನಕಲು ಮಾಡಿ ತಂದು ಓಡಿಸಿರಿ. ಯಂತ್ರ ಯಾವುದೆಂದು ಕೇಳಿದರೆ ಅದು ಆರ್ಮ್ ಎನ್ನುತ್ತದೆ; ಕರ್ನಲ್ ಆವೃತ್ತಿ ಕೇಳಿದರೆ ಮಾತ್ರ ಲ್ಯಾಪ್‌ಟಾಪ್‌ನದನ್ನೇ ಹೇಳುತ್ತದೆ.

ಹೀಗೆ ಓಡುವ ಪ್ರೋಗ್ರಾಮಿನ ವೇಗವನ್ನು ಅಳೆದು ಪೈನ ವೇಗವನ್ನು ಊಹಿಸಬಾರದು. ದೊಡ್ಡ ಕಂಪೈಲ್ ಕೆಲಸಕ್ಕೆ, ಲ್ಯಾಪ್‌ಟಾಪ್‌ನಲ್ಲೇ ನೇರವಾಗಿ ಓಡಿ ಆರ್ಮ್ ಪ್ರೋಗ್ರಾಮ್ ತಯಾರಿಸುವ ಕ್ರಾಸ್ ಕಂಪೈಲರ್ ಮೇಲು. ಪೈನ ಪಿನ್ನುಗಳಿಗೆ ಜೋಡಿಸಿದ ಎಲ್ಇಡಿಯನ್ನು ಬೆಳಗಿಸುವ ಪ್ರೋಗ್ರಾಮಾದರೆ, ಅದು ಶುರುವಾದರೂ ಆ ಪಿನ್ನುಗಳ ಡಿವೈಸ್ ಫೈಲ್ ಕಾಣದೆ ಅಲ್ಲೇ ನಿಲ್ಲುತ್ತದೆ. ಅದಕ್ಕೆ ಪೈ ಬೋರ್ಡೇ ಬೇಕು.