ಅಂಕೋರ್‌ಗೆ ಹೊರಡುವ ಮೊದಲು ಒಂದು ಭಾನುವಾರ ನಂದಿಗೆ ಹೋಗಿ

ನಂದಿ ಬೆಟ್ಟದ ಮೇಲಕ್ಕಲ್ಲ, ಕೆಳಗಿರುವ ನಂದಿ ಊರಿಗೆ. ಭೋಗನಂದೀಶ್ವರ ಗುಡಿಯಲ್ಲಿ ಎರಡು ಗಂಟೆ ಸುಮ್ನೆ ಓಡಾಡಿ. ಕಲ್ಲಿನ ಕಿಟಕಿಗಳನ್ನು ನೋಡಿ, ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತುಕೊಳ್ಳಿ. ಈ ಗುಡಿ ಶುರುವಾಗಿದ್ದು 9ನೇ ಶತಮಾನದಲ್ಲಿ. ಅದೇ ಶತಮಾನದಲ್ಲಿ ಸಮುದ್ರದ ಆಚೆ, ಈಗಿನ ಕಾಂಬೋಡಿಯಾದಲ್ಲಿ, ಇಂದ್ರವರ್ಮ ಅನ್ನುವ ರಾಜ ಹರಿಹರಾಲಯ ಅನ್ನುವ ಊರಲ್ಲಿ ಶಿವನಿಗೆ ಬಾಕೊಂಗ್ ಎಂಬ ದೊಡ್ಡ ಗುಡಿ ಕಟ್ಟಿಸಿದ. ಇದೊಂದನ್ನು ತಲೆಯಲ್ಲಿ ಇಟ್ಟುಕೊಂಡು ಹೊರಟರೆ, ಅದೇ ಕಾಂಬೋಡಿಯಾದ ಹಳೆಯ ಗುಡಿಗಳ ನೆಲ ಅಂಕೋರ್ ಅಷ್ಟು ದೂರದ್ದು ಅನ್ನಿಸುವುದಿಲ್ಲ.

ನಮ್ಮ ಚಿಕ್ಕಬಳ್ಳಾಪುರದವರಿಗೆ ವಿಮಾನ ನಿಲ್ದಾಣ ದೇವನಹಳ್ಳಿಯಲ್ಲೇ ಇದೆ. ಬ್ಯಾಂಕಾಕ್, ಕೌಲಾಲಂಪುರ ಅಥವಾ ಸಿಂಗಪುರದಲ್ಲಿ ವಿಮಾನ ಬದಲಿಸಿ ಸಿಯೆಮ್ ರೀಪ್ ಊರಿಗೆ ಹೋಗಬೇಕು. ಅಲ್ಲಿಯ ಹೊಸ ನಿಲ್ದಾಣ 2023ರಲ್ಲಿ ತೆರೆದದ್ದು, ಊರಿಂದ 40 ಕಿಲೋಮೀಟರಿಗೂ ಜಾಸ್ತಿ ದೂರ. ಹೋಟೆಲಿನವರಿಗೆ ಮೊದಲೇ ಹೇಳಿ ಗಾಡಿ ತರಿಸಿಕೊಳ್ಳಿ. ಇ-ವೀಸಾವನ್ನು ಅಲ್ಲಿಯ ಸರ್ಕಾರದ ವೆಬ್‌ಸೈಟಿನಲ್ಲೇ ಮಾಡಿಸಿ. ಡಾಲರ್ ಎಲ್ಲ ಕಡೆ ನಡೆಯುತ್ತದೆ, ಆದರೆ ಒಂಚೂರು ಹರಿದಿರುವ ನೋಟನ್ನೂ ಮುಟ್ಟುವುದಿಲ್ಲ. ಚಿಲ್ಲರೆಯನ್ನು ಅವರ ರಿಯಲ್‌ನಲ್ಲಿ ಕೊಡುತ್ತಾರೆ, ಒಂದು ಡಾಲರಿಗೆ ಸುಮಾರು 4000. ನವೆಂಬರಿನಿಂದ ಫೆಬ್ರವರಿವರೆಗೆ ಬಿಸಿಲು ಸ್ವಲ್ಪ ಕಡಿಮೆ.

ದೇವಸ್ಥಾನಗಳಿಗೆಲ್ಲ ಸೇರಿ ಒಂದೇ ಪಾಸ್. 1 ದಿನಕ್ಕೆ 37 ಡಾಲರ್, 3 ದಿನಕ್ಕೆ 62. ಮೂರು ದಿನದ್ದನ್ನೇ ತೆಗೆದುಕೊಳ್ಳಿ. ಸಾಲಾಗಿ ಮೂರು ದಿನ ಹೋಗಬೇಕೆಂದಿಲ್ಲ, 10 ದಿನದೊಳಗೆ ಯಾವ ಮೂರು ದಿನ ಬೇಕಾದರೂ ಹೋಗಬಹುದು. ನಡುನಡುವೆ ಹಳ್ಳಿ ನೋಡಲು ದಿನ ಬಿಡಿ.

ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ನಾನು, ಅಮ್ಮ, ಚಿಕ್ಕಮ್ಮ ಮೂವರು ಹೋದಾಗ ಮೊದಲ ದಿನ ಒಂದು ಪ್ರವಾಸದ ಬಸ್ಸು ಹತ್ತಿದೆವು. ಒಂದೇ ದಿನದಲ್ಲಿ ಏಳು ಗುಡಿ ತೋರಿಸಿದರು. ಸಂಜೆ ರೂಮಿಗೆ ಬಂದಾಗ ಚಿಕ್ಕಮ್ಮನಿಗೆ ಕಾಲು ಊದಿತ್ತು, ಯಾವ ಗುಡಿಯಲ್ಲಿ ಏನು ನೋಡಿದೆವು ಅಂತ ಮೂವರಿಗೂ ನೆನಪಿರಲಿಲ್ಲ. ಮಾರನೇ ದಿನದಿಂದ ಒಂದು ಟುಕ್‌ಟುಕ್ ಗೊತ್ತು ಮಾಡಿಕೊಂಡು, ಪರವಾನಗಿ ಇರುವ ಒಬ್ಬ ಗೈಡ್ ಜೊತೆ ಹೋದೆವು. ದಿನಕ್ಕೆ ಎರಡು ಗುಡಿ, ಅಷ್ಟೇ.

ಗೈಡ್ ವಿಷಯದಲ್ಲಿ ಒಂದು ಮಾತು. ಅವರು ಬಂದವರಿಗೆಲ್ಲ ರಾಮಾಯಣ, ಮಹಾಭಾರತವನ್ನು ಮೊದಲಿಂದ ಹೇಳಿಕೊಂಡು ಬರುತ್ತಾರೆ. ಭೀಷ್ಮ ಯಾರು, ವಾಲಿ ಯಾರು ಅಂತ ನಮಗೆ ಹೇಳಬೇಕಾ? ಬೆಳಿಗ್ಗೆಯೇ ಹೇಳಿಬಿಡಿ: ಅಣ್ಣಾ, ಕಥೆ ನಮಗೆ ಗೊತ್ತು, ನಮಗೆ ಕಲ್ಲು ಎಲ್ಲಿಂದ ಬಂತು ಹೇಳಿ, ನೀರು ಹೇಗೆ ಹರಿಸಿದರು ಹೇಳಿ, ನಿಮ್ಮ ಊರಲ್ಲಿ ಏನು ಬೆಳೆಯುತ್ತೀರಿ ಹೇಳಿ. ನಮ್ಮ ಗೈಡ್ ಮುಖ ಅರಳಿದ್ದನ್ನು ನೋಡಬೇಕಿತ್ತು. ಅಲ್ಲಿಂದ ಮುಂದೆ ಅವರು ಪಾಠ ಒಪ್ಪಿಸುವುದನ್ನು ಬಿಟ್ಟು ಮಾತಾಡಲು ಶುರು ಮಾಡಿದರು.

ಶುರು ಮಾಡುವುದು ಬಂತೆಯ್ ಸ್ರೇ ಗುಡಿಯಿಂದ. ಎಲ್ಲರೂ ಅಂಕೋರ್ ವಾಟ್‌ಗೆ ಮೊದಲು ಓಡುತ್ತಾರೆ, ಆದರೆ ಚಿಕ್ಕದರಿಂದ ದೊಡ್ಡದಕ್ಕೆ ಹೋದರೆ ಕಣ್ಣು ಹದಕ್ಕೆ ಬರುತ್ತದೆ. ಇದು 967ರಲ್ಲಿ ಪ್ರತಿಷ್ಠೆಯಾದ ಶಿವನ ಗುಡಿ. ಕಟ್ಟಿಸಿದವನು ರಾಜನಲ್ಲ, ಯಜ್ಞವರಾಹ ಅನ್ನುವ ಪಂಡಿತ. ನಮ್ಮ ಮುಳಬಾಗಿಲು ಹತ್ತಿರದ ಆವಣಿಯ ಗುಡಿಗಳೂ ಅದೇ 10ನೇ ಶತಮಾನದವು. ನಮ್ಮದು ಗಟ್ಟಿ ಕಗ್ಗಲ್ಲು, ಅಲ್ಲಿಯದು ಕೆಂಪು ಬಣ್ಣದ ಮರಳುಗಲ್ಲು, ಮರದಲ್ಲಿ ಕೊರೆದ ಹಾಗೆ ಕೊರೆದಿದ್ದಾರೆ. ರಾವಣ ಕೈಲಾಸ ಅಲ್ಲಾಡಿಸುವುದು, ಶಿವ ಕಾಮನನ್ನು ಸುಡುವುದು, ಖಾಂಡವ ವನ ಉರಿಯುವಾಗ ಇಂದ್ರ ಮಳೆ ಸುರಿಸುವುದು, ಎಲ್ಲಾ ಬಾಗಿಲ ಮೇಲಿನ ತ್ರಿಕೋನದಲ್ಲಿ ಇದೆ. ಮಳೆಯನ್ನು ಓರೆ ಗೆರೆಗಳಲ್ಲಿ ಕೆತ್ತಿದ್ದಾರೆ, ಹುಡುಕಿ ನೋಡಿ. ಬಿಸಿಲೇರುವ ಮೊದಲೇ ಹೋಗಿ.

ವಾಪಸ್ ಬರುವ ದಾರಿಯಲ್ಲಿ ಪ್ರೇಯಾ ಡಾಕ್ ಅನ್ನುವ ಹಳ್ಳಿ ಸಿಗುತ್ತದೆ. ರಸ್ತೆ ಪಕ್ಕದಲ್ಲೇ ದೊಡ್ಡ ಬಾಣಲೆಗಳಲ್ಲಿ ತಾಳೆ ಮರದ ರಸ ಕುದಿಸಿ ಬೆಲ್ಲ ಮಾಡುತ್ತಿರುತ್ತಾರೆ. ಆಲೆಮನೆ ನೋಡಿದವರಿಗೆ ಆ ವಾಸನೆ ಸಾಕು. ಬಿಸಿ ಬೆಲ್ಲ ಬೆರಳಿಗೆ ಹಚ್ಚಿ ಕೊಡುತ್ತಾರೆ, ಬೇಡ ಅನ್ನಬೇಡಿ. ನಾವು ಜೊತೆಯಲ್ಲಿ ರಾಗಿ ಹುರಿಹಿಟ್ಟು ಒಯ್ದಿದ್ದೆವು. ಆ ಬೆಲ್ಲ ಹಾಕಿ ಕಲಸಿ ತಿಂದೆವು, ಬೆಲ್ಲ ಕಾಯಿಸುತ್ತಿದ್ದ ಅಜ್ಜಿಗೂ ಕೊಟ್ಟೆವು. ಅವರು ಕೇಳಿ ಕೇಳಿ ಇನ್ನೊಂದು ಉಂಡೆ ತಿಂದರು.

ಸಸ್ಯಾಹಾರಿಗಳು ಹುರಿಹಿಟ್ಟು, ಚಟ್ನಿಪುಡಿ ಒಯ್ಯುವುದು ಒಳ್ಳೆಯದು. ತರಕಾರಿ ಪಲ್ಯ ಅಂತ ಕೊಟ್ಟರೂ ಅದರಲ್ಲಿ ಮೀನಿನ ರಸ ಇರಬಹುದು. ಮೀನಿಗೆ 'ತ್ರೈ' ಅಂತಾರೆ, ಬೇಡ ಅನ್ನಲು ಮುಂದೆ 'ಒತ್' ಸೇರಿಸಿ. 'ಒತ್ ತ್ರೈ'. ಇನ್ನೊಂದು ಮಾತೂ ಕಲಿಯಿರಿ, 'ಞಾಂ ಬಾಯ್ ಹಾಯ್?' ಊಟ ಆಯ್ತಾ ಅಂತ. ಎದುರು ಸಿಕ್ಕವರನ್ನು ನಮ್ಮ ಹಾಗೇ ಅವರೂ ಹಾಗೆಯೇ ಮಾತಾಡಿಸುವುದು. ಅಮ್ಮ ಇದೊಂದನ್ನೇ ಹಿಡಿದುಕೊಂಡು ಇಡೀ ಊರಿನ ಜೊತೆ ಸ್ನೇಹ ಮಾಡಿದರು.

ಅದೇ ದಾರಿಯಲ್ಲಿ ಪೂರ್ವ ಮೆಬೊನ್ ಅನ್ನುವ ಗುಡಿ ಇದೆ. ಅಲ್ಲಿ ಇಳಿಯಿರಿ. ಸುತ್ತ ಗದ್ದೆ, ಮರ. ಆದರೆ ಕಟ್ಟಿದಾಗ ಇದು ದ್ವೀಪ. ಸುತ್ತಲೂ 7 ಕಿಲೋಮೀಟರಿಗೂ ಉದ್ದದ, ಸುಮಾರು 2 ಕಿಲೋಮೀಟರ್ ಅಗಲದ ಕೆರೆ ಇತ್ತು, ಅವರು ಬಾರಾಯ್ ಅನ್ನುತ್ತಾರೆ. ಈಗ ಪೂರ್ತಿ ಬತ್ತಿದೆ. ನಮ್ಮ ಕಂದವಾರ ಕೆರೆ ಬತ್ತಿದ್ದನ್ನು ನೋಡಿದವಳು ನಾನು, ಅಲ್ಲಿ ನಿಂತಾಗ ಹೊಟ್ಟೆಯಲ್ಲಿ ಏನೋ ಆಯಿತು. ಪಶ್ಚಿಮದ ಬಾರಾಯ್‌ನಲ್ಲಿ ಇವತ್ತಿಗೂ ನೀರಿದೆ. ಅಲ್ಲಿಗೆ ಸಂಜೆ ಹೋಗಿ, ಊರವರು ಚಾಪೆ ಹಾಸಿಕೊಂಡು ಕೂತಿರುತ್ತಾರೆ.

ಅಂಕೋರ್ ವಾಟ್ ಬೆಳಿಗ್ಗೆ 5ಕ್ಕೆ ತೆರೆಯುತ್ತದೆ. 12ನೇ ಶತಮಾನದಲ್ಲಿ ಎರಡನೇ ಸೂರ್ಯವರ್ಮ ವಿಷ್ಣುವಿಗಾಗಿ ಕಟ್ಟಿಸಿದ್ದು, ಮುಖ ಪಶ್ಚಿಮಕ್ಕೆ. ಸೂರ್ಯೋದಯದ ಫೋಟೋ ಆದ ಮೇಲೆ ಜನ ತಿಂಡಿಗೆ ಹೋಗುತ್ತಾರೆ. ನೀವು ಹೋಗಬೇಡಿ, ಆಗಲೇ ಒಳಗೆ ನುಗ್ಗಿ. ಮೊದಲ ಸುತ್ತಿನ ಗೋಡೆಯಲ್ಲಿ ಬಲಕ್ಕೆ ತಿರುಗಿದರೆ ಕುರುಕ್ಷೇತ್ರ, ಬಾಣಗಳ ಮೇಲೆ ಮಲಗಿದ ಭೀಷ್ಮ ಅಲ್ಲೇ ಸಿಗುತ್ತಾನೆ. ಹಾಗೇ ಮುಂದೆ ನಡೆದರೆ ಯಮಲೋಕ, ಚಿತ್ರಗುಪ್ತ, ಆಮೇಲೆ ಸಮುದ್ರ ಮಥನ. ಗೋಡೆ ನಿಮ್ಮ ಎಡಗಡೆ ಇರುತ್ತದೆ, ಅಂದರೆ ಅಪ್ರದಕ್ಷಿಣೆ. ಅಮ್ಮ ಮೊದಲು ಒಪ್ಪಲಿಲ್ಲ. ಆದರೆ ಕೆತ್ತನೆ ಇರುವ ಕ್ರಮವೇ ಹಾಗಿದೆ. ಮಥನದ ಗೋಡೆ 49 ಮೀಟರ್ ಉದ್ದ, ಒಂದು ಕಡೆ 92 ಅಸುರರು, ಇನ್ನೊಂದು ಕಡೆ 88 ದೇವತೆಗಳು. ಅರ್ಧ ಗಂಟೆ ಅಲ್ಲೇ ನಿಂತುಬಿಡಿ. ಮೇಲಿನ ಹಂತಕ್ಕೆ ಹತ್ತಬೇಕಾದರೆ ಭುಜ, ಮಂಡಿ ಮುಚ್ಚುವ ಬಟ್ಟೆ ಇರಬೇಕು, ಮೆಟ್ಟಿಲು ತುಂಬಾ ಕಡಿದು. ಚಿಕ್ಕಮ್ಮ ಕೆಳಗೇ ಕೂತರು, ಅದೇನೂ ನಷ್ಟವಲ್ಲ.

ಬಾಯೊನ್ ಅನ್ನುವ ಗುಡಿಗೆ ಹೋದವರೆಲ್ಲ ಗೋಪುರದ ದೊಡ್ಡ ಮುಖಗಳನ್ನೇ ನೋಡುತ್ತಾರೆ. ನೀವು ಹೊರಗಿನ ಗೋಡೆಯ ಕೆಳಸಾಲು ನೋಡಿ. ಸಂತೆ, ಅಡುಗೆ, ಕೋಳಿ ಪಂದ್ಯ, ಮೀನು ಹಿಡಿಯುವವರು, ಎತ್ತಿನ ಗಾಡಿ. 800 ವರ್ಷದ ಹಿಂದಿನ ಹಳ್ಳಿ ಅದು. ನನಗೆ ಇಡೀ ಅಂಕೋರ್‌ನಲ್ಲಿ ಜಾಸ್ತಿ ಇಷ್ಟವಾದ ಗೋಡೆ ಇದೇ. ಬೇರುಗಳು ಅಪ್ಪಿಕೊಂಡಿರುವ ತಾ ಪ್ರೋಮ್ ಗುಡಿಗೆ ಮಧ್ಯಾಹ್ನ ಹೋಗಬಹುದು, ನೆರಳಿದೆ. ನಮ್ಮ ನಂದಿ ಗುಡಿಯನ್ನು ನೋಡಿಕೊಳ್ಳುವ ಭಾರತೀಯ ಪುರಾತತ್ವ ಇಲಾಖೆಯೇ ಅಲ್ಲೂ ದುರಸ್ತಿ ಕೆಲಸ ಮಾಡಿದೆ.

ಮೂರನೇ ದಿನ ಬಾಕೊಂಗ್ ನೋಡಿ, ಹಾಗೇ ಕಂಪೊಂಗ್ ಫ್ಲುಕ್‌ಗೆ ದೋಣಿಯಲ್ಲಿ ಹೋಗಿ. ತೊನ್ಲೆ ಸಾಪ್ ಸರೋವರದ ಅಂಚಿನ ಊರದು, ಮನೆಗಳೆಲ್ಲ ಎತ್ತರದ ಕಂಬಗಳ ಮೇಲೆ. ಮಳೆಗಾಲದಲ್ಲಿ ಮೆಕಾಂಗ್ ನದಿ ಉಕ್ಕಿ ನೀರು ಹಿಂದಕ್ಕೆ ಹರಿದು ಸರೋವರ ಹಲವು ಪಟ್ಟು ಹಿಗ್ಗುತ್ತದೆ. ಮನೆಯೊಳಗೆ ಕ್ಯಾಮೆರಾ ತೂರಿಸಬೇಡಿ. ಮಕ್ಕಳ ಕೈಗೆ ದುಡ್ಡು ಕೊಡಬೇಡಿ, ಶಾಲೆ ಬಿಟ್ಟು ಬೇಡಲು ಬರುವ ಅಭ್ಯಾಸ ಆಗುತ್ತದೆ. ಅನಾಥಾಲಯ ತೋರಿಸುತ್ತೇವೆ ಅಂದರೂ ಹೋಗಬೇಡಿ. ನಿಮ್ಮ ಪ್ರತಿ ಪಾಸಿನ ಹಣದಲ್ಲಿ 2 ಡಾಲರ್ ಮಕ್ಕಳಿಗೆ ಉಚಿತವಾಗಿ ಚಿಕಿತ್ಸೆ ಕೊಡುವ ಕಂಥಾ ಬೋಫಾ ಆಸ್ಪತ್ರೆಗೆ ಹೋಗುತ್ತದೆ. ವಯಸ್ಸಾದವರ ಹತ್ತಿರ 1975ರಿಂದ 79ರವರೆಗಿನ, ಲಕ್ಷಾಂತರ ಜನ ಸತ್ತ ಪೋಲ್ ಪಾಟ್ ಆಳ್ವಿಕೆಯ ಕಾಲದ ಬಗ್ಗೆ ನೀವಾಗಿಯೇ ಕೇಳಬೇಡಿ. ಅವರಾಗಿ ಹೇಳಿದರೆ ಕೂತು ಕೇಳಿ.

ಇನ್ನು ಶಿಡ್ಲಘಟ್ಟದ ಕಡೆಯವರಿಗೆ ಅರ್ಧ ದಿನ ಬೇರೆಯಾಗಿ ಇಡಿ ಅಂತ ಹೇಳುತ್ತೇನೆ. ಸಿಯೆಮ್ ರೀಪ್‌ನ ಪಶ್ಚಿಮಕ್ಕೆ ಪುಓಕ್ ಅನ್ನುವ ಊರಲ್ಲಿ ರೇಷ್ಮೆ ತೋಟ ಇದೆ. ಹಿಪ್ಪುನೇರಳೆ ಸಾಲು, ಹುಳದ ತಟ್ಟೆ, ಕೊನೆಗೆ ಮಗ್ಗ. ಅವರ ಗೂಡು ಬಂಗಾರದ ಹಳದಿ. ಅಮ್ಮ ಹುಟ್ಟಿದ್ದು ಹುಳ ಸಾಕುವ ಮನೆಯಲ್ಲಿ, ನೂಲು ತೆಗೆಯುವುದನ್ನು ಚಿಕ್ಕಂದಿನಿಂದ ನೋಡಿದವರು. ಅಲ್ಲೊಬ್ಬರು ಹೆಂಗಸು ಬಿಸಿ ನೀರಿನ ಪಾತ್ರೆಯಿಂದ ಎಳೆ ಎತ್ತುತ್ತಿದ್ದರು. ಅಮ್ಮ ಪಕ್ಕದಲ್ಲಿ ಕೂತು ಒಂದು ಎಳೆಯನ್ನು ಬೆರಳಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡಿ, ಕೇಜಿ ಗೂಡು ಎಷ್ಟು ಅಂತ ಕನ್ನಡದಲ್ಲೇ ಕೇಳಿದರು. ಆ ಹೆಂಗಸು ನಕ್ಕು, ತಾವು ಕೂತಿದ್ದ ಮಣೆಯಲ್ಲಿ ಸ್ವಲ್ಪ ಸರಿದು ಜಾಗ ಕೊಟ್ಟರು.