ರಿಮೋಟ್ ಒತ್ತಿದರೂ ನಿಲ್ಲದ ಕೂಲರ್ ಫ್ಯಾನ್: ಬೋರ್ಡ್ ಬದಲಿಸದೆ ನಾನು ಸರಿ ಮಾಡಿದ ಬಗೆ

ಬೀಪ್ ಬರುತ್ತದೆ, ಡಿಸ್‌ಪ್ಲೇ ಆರುತ್ತದೆ, ಪಂಪ್ ನಿಲ್ಲುತ್ತದೆ. ಫ್ಯಾನ್ ಮಾತ್ರ ತಿರುಗುತ್ತಲೇ ಇರುತ್ತದೆ. ರಿಮೋಟ್ ಕೂಲರ್ ಬಿಚ್ಚುವವರಿಗೆಲ್ಲ ಈ ಕಂಪ್ಲೇಂಟ್ ಗೊತ್ತು. ನಮ್ಮ ವಿಜಯಪುರದಲ್ಲಿ ಏಪ್ರಿಲ್ ಬಂತಂದರೆ ಬಿಸಿಲು 40 ಡಿಗ್ರಿ ದಾಟುತ್ತದೆ, ಕೂಲರ್ ಹಗಲು ರಾತ್ರಿ ಓಡುತ್ತದೆ, ಇಂಥ ಫೋನ್ ಶುರುವಾಗುತ್ತವೆ. ಗಿರಾಕಿ ಪಾಪ ಪ್ಲಗ್ ಕಿತ್ತು ನಿಲ್ಲಿಸುತ್ತಿರುತ್ತಾರೆ. ಎಲ್ಲರೂ ಹೇಳುವ ಮದ್ದು ಒಂದೇ, ಕೂಲರ್ ಒಳಗಿನ ಕಂಟ್ರೋಲ್ ಬೋರ್ಡ್ ಬದಲಿಸಿ. ಬೋರ್ಡ್‌ಗೆ 1,800 ರಿಂದ 2,500 ರೂಪಾಯಿ, ಮೇಲೆ ಮಜೂರಿ. ನಾನು ನೂರು ರೂಪಾಯಿ ಒಳಗಿನ ಸಾಮಾನಿನಲ್ಲಿ ಮುಗಿಸುತ್ತೇನೆ. ಹೋದ ಬೇಸಿಗೆಯಲ್ಲಿ ಮಾಡಿಕೊಟ್ಟವು ಈ ಬೇಸಿಗೆಯೂ ಓಡುತ್ತಿವೆ, ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಈ ಬೋರ್ಡ್‌ಗಳಲ್ಲಿ ಬಹಳಷ್ಟಕ್ಕೆ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ, ಕೆಪಾಸಿಟರ್ ಮೂಲಕ ನೇರ 230 ವೋಲ್ಟ್‌ನಿಂದಲೇ 12 ವೋಲ್ಟ್ ತೆಗೆದಿರುತ್ತಾರೆ. 12 ವೋಲ್ಟ್ ಕಡೆ ಅಂತ ಸುಮ್ನೆ ಕೈ ಹಚ್ಚಬೇಡಿ, ಅಲ್ಲೂ ಶಾಕ್ ಹೊಡೆಯುತ್ತದೆ.

ನಿಲ್ಲದ ಫ್ಯಾನ್ ಅಂದರೆ ಒಂದೇ ರೋಗ ಅಲ್ಲ, ಎರಡು. ಇವನ್ನು ಬೇರೆ ಬೇರೆ ಮಾಡೋದೇ ಇಡೀ ಕೆಲಸ. ಫ್ಯಾನ್ ಆನ್ ಆಫ್ ಮಾಡುವುದು ಬೋರ್ಡ್ ಮೇಲಿನ ರಿಲೇ, ಅದರ ಕಾಯಿಲ್‌ಗೆ ಕರೆಂಟ್ ಬಂದರೆ ಕಾಂಟ್ಯಾಕ್ಟ್ ಕೂಡಿ ಮೋಟಾರ್ ಓಡುತ್ತದೆ, ನಿಂತರೆ ಬಿಡುತ್ತದೆ. ಪ್ಲಗ್ ಕಿತ್ತು ಒಂದು ನಿಮಿಷ ಬಿಟ್ಟು ಮತ್ತೆ ಹಾಕಿ. ರಿಮೋಟ್ ಮುಟ್ಟದೆಯೇ ಫ್ಯಾನ್ ತಿರುಗಿತಾ? ಹಾಗಿದ್ದರೆ ಬಹುತೇಕ ರಿಲೇ ಕಾಂಟ್ಯಾಕ್ಟ್ ಅಂಟಿದೆ. ತಿರುಗಲಿಲ್ಲ, ರಿಮೋಟ್‌ನಿಂದ ಚೆನ್ನಾಗಿ ಆನ್ ಆಯಿತು, ಆದರೆ ಆಫ್ ಆಗಲಿಲ್ಲ ಅಂದರೆ ರಿಲೇ ಸರಿ ಇದೆ, ಕಾಯಿಲ್‌ಗೆ ಎಲ್ಲಿಂದಲೋ ಕರೆಂಟ್ ಸೋರಿ ಬರುತ್ತಿದೆ. 12 ವೋಲ್ಟ್ ರಿಲೇ ಹಿಡಿಯಬೇಕಾದರೆ ಸುಮಾರು 9 ವೋಲ್ಟ್ ಬೇಕು. ಒಮ್ಮೆ ಹಿಡಿದ ಮೇಲೆ ಖಾತ್ರಿಯಾಗಿ ಬಿಡಬೇಕಾದರೆ ಒಂದು, ಒಂದೂಕಾಲು ವೋಲ್ಟ್‌ವರೆಗೂ ಇಳಿಯಬೇಕು. ನಡುವೆ ನಾಲ್ಕೈದು ವೋಲ್ಟ್ ಸೋರಿಕೆ ಉಳಿದರೂ ಸಾಕು, ರಿಲೇ ಹೊಸದಾಗಿ ಹಿಡಿಯುವುದಿಲ್ಲ, ಹಿಡಿದದ್ದನ್ನು ಬಿಡುವುದೂ ಇಲ್ಲ. ಇದು ತಲೆಗೆ ಹೊಳೆದ ಮೇಲೆಯೇ ನನ್ನ ಕೆಲಸ ಸುಲಭವಾಯಿತು.

ಅಂಟಿದ ರಿಲೇ ಬಗ್ಗೆ ಜಾಸ್ತಿ ಹೇಳಲ್ಲ. ಪ್ಲಗ್ ಕಿತ್ತು, ಮೋಟಾರ್ ಕನೆಕ್ಟರ್ ಬಿಚ್ಚಿಟ್ಟು, ರಿಲೇ ಕಾಂಟ್ಯಾಕ್ಟ್ ಮೇಲೆ ಮೀಟರ್ ಇಟ್ಟು ಬೀಪ್ ನೋಡಿದರೆ ಗೊತ್ತಾಗುತ್ತದೆ. ಇನ್ನೊಂದು ಗುರುತು ಇದೆ. ಹೈ ಸ್ಪೀಡಿನ ರಿಲೇ ಅಂಟಿದ್ದಾಗ ಲೋ ಒತ್ತಿದರೆ ಮೋಟಾರಿನ ಎರಡೂ ಸ್ಪೀಡ್ ವೈರಿಗೆ (ಟ್ಯಾಪ್) ಒಟ್ಟಿಗೇ ಕರೆಂಟ್ ಹೋಗಿ ವೈಂಡಿಂಗ್‌ನ ಒಂದು ಭಾಗ ಶಾರ್ಟ್ ಆಗುತ್ತದೆ, ಮೋಟಾರ್ ಗುಂಯ್ ಅನ್ನುತ್ತದೆ, ಸ್ವಲ್ಪ ಹೊತ್ತಿಗೇ ಕೈ ಇಡಲಾಗದಷ್ಟು ಕಾಯುತ್ತದೆ. ಹಾಗೆ ಓಡಿಸಿದರೆ ಬೋರ್ಡ್ ಜೊತೆ ಮೋಟಾರೂ ಹೋಗುತ್ತದೆ, ರಿವೈಂಡಿಂಗ್ 600, 700 ರೂಪಾಯಿ. ರಿಲೇ ಒಂದಕ್ಕೆ 20, 25 ರೂಪಾಯಿ. ಹಾಕಿ, ಮೋಟಾರ್ ತುದಿಗೆ ಕಿಡಿ ತಗ್ಗಿಸುವ ಒಂದು ಸ್ನಬ್ಬರ್ ಕೊಡಿ, 0.1 ಮೈಕ್ರೋಫ್ಯಾರಡ್ ಎಕ್ಸ್2 ಕೆಪಾಸಿಟರ್, ಜೊತೆಗೆ ಸರಣಿಯಲ್ಲಿ 100 ಓಮ್ ರೆಸಿಸ್ಟರ್. ಕಾಂಟ್ಯಾಕ್ಟ್‌ಗೆ ಅಡ್ಡವಾಗಿ ಕೊಡಬೇಡಿ. ಕೊಟ್ಟು ನೋಡಿದ್ದೇನೆ, ಆಫ್ ಇದ್ದರೂ ಅದರ ಮೂಲಕ ಏಳು ಮಿಲಿ ಆಂಪಿಯರ್‌ನಷ್ಟು ದಾಟುತ್ತದೆ, ಟೆಸ್ಟರ್ ಹಚ್ಚಿದರೆ ಬೆಳಗುತ್ತದೆ, ಗಿರಾಕಿ ಹೆದರುತ್ತಾರೆ.

ನನ್ನ ದುಡ್ಡು, ನಿದ್ದೆ ಎರಡೂ ತಿಂದದ್ದು ಎರಡನೇ ರೋಗ. ಜಲನಗರದ ಒಂದು ಮನೆಯ ಕೂಲರ್. ಹೊಸ ರಿಲೇ ಹಾಕಿದೆ, ಅಂಗಡಿಯಲ್ಲಿ ಅರ್ಧ ದಿನ ಓಡಿಸಿದೆ, ಒಂದು ಸಲವೂ ತಪ್ಪದೆ ಆಫ್ ಆಯಿತು. ಮನೆಗೆ ಹೋಗಿ ಎರಡು ದಿನಕ್ಕೆ ಮತ್ತೆ ಅದೇ. ಯುಎಲ್‌ಎನ್ 2003 ಐಸಿ, ಅಂದರೆ ರಿಲೇ ಕಾಯಿಲ್‌ಗೆ ಕರೆಂಟ್ ಬಿಡುವ ಐಸಿ ಬದಲಿಸಿದೆ, 15 ರೂಪಾಯಿ. ಅಂಗಡಿಯಲ್ಲಿ ಸರಿ, ಮನೆಯಲ್ಲಿ ಮತ್ತೆ ಹಾಗೇ. ಕೊನೆಗೆ ಕೈಯಿಂದ ಎರಡು ಸಾವಿರ ಹಾಕಿ ಹೊಸ ಬೋರ್ಡ್ ಕೂಡಿಸಿದೆ, ಗಿರಾಕಿ ಹತ್ತಿರ ಅರ್ಧ ಮಾತ್ರ ತಗೊಂಡೆ. ಒಂದು ತಿಂಗಳು ಚೆನ್ನಾಗಿತ್ತು. ಆಮೇಲೆ ಹೊಸ ಬೋರ್ಡೂ ಅದೇ ಆಟ ಶುರು ಮಾಡಿತು. ಆ ಮನೆಯ ಅಕ್ಕಾರು ಒಂದು ಮಾತು ಹೇಳಿದರು, "ಬೆಳಿಗ್ಗೆ ಛಲೋ ಬಂದ್ ಆಗ್ತದರೀ, ರಾತ್ರಿ ನೀರು ಹಾಕಿ ಓಡಿಸಿದ ಮ್ಯಾಲ ಆಗಂಗಿಲ್ಲ." ಸುಳಿವು ಸಿಕ್ಕಿದ್ದು ಅಲ್ಲೇ. ಅಂಗಡಿಯಲ್ಲಿ ನಾವೆಲ್ಲ ನೀರಿಲ್ಲದೆ ಓಡಿಸುತ್ತೇವೆ ಅಲ್ವಾ?

ರಾತ್ರಿ ಹತ್ತರ ಸುಮಾರಿಗೆ ಅವರ ಮನೆಗೇ ಹೋದೆ. ಪಂಪ್ ಹಾಕಿ ಐದಾರು ತಾಸು ಓಡಿದ್ದ ಕೂಲರ್. ಆಫ್ ಒತ್ತಿ ಕಾಯಿಲ್ ಮೇಲೆ ಮೀಟರ್ ಇಟ್ಟೆ, ಐದು ವೋಲ್ಟ್ ಹತ್ತಿರ ನಿಂತಿತು. ಟಾರ್ಚ್ ಹಿಡಿದು ಬೋರ್ಡ್ ಹಿಂಬದಿ ನೋಡಿದರೆ ಐಸಿ ಕಾಲುಗಳ ನಡುವೆ ತೆಳ್ಳಗೆ ಬಿಳಿ ಪೊರೆ, ಸುಣ್ಣ ಬಳಿದಂತೆ. ಒಣಗಿದ್ದಾಗ ಅದು ಏನೂ ಮಾಡುವುದಿಲ್ಲ. ತೇವ ಹಿಡಿದರೆ 5 ವೋಲ್ಟ್ ಲೈನಿನಿಂದ ಐಸಿಯ ಇನ್‌ಪುಟ್‌ಗೆ ದಾರಿ ಆಗುತ್ತದೆ. ಈ ಐಸಿಗೆ ಒಂದು ಮಿಲಿ ಆಂಪಿಯರ್ ಕೂಡ ಬೇಡ, ಅದಕ್ಕಿಂತ ಕಡಿಮೆಗೇ ಅರ್ಧಂಬರ್ಧ ಆನ್ ಆಗಿ ಕೂರುತ್ತದೆ.

ಆ ಬಿಳಿ ಪೊರೆ ಅಂದರೆ ಬೋರ್ ನೀರಿನ ಉಪ್ಪು. ಕೂಲರ್‌ನಲ್ಲಿ ನೀರು ಆವಿಯಾಗುತ್ತದೆ, ಉಪ್ಪು ಟ್ಯಾಂಕಿನಲ್ಲೇ ಉಳಿಯುತ್ತದೆ, ನಾವು ಮೇಲೆ ಮೇಲೆ ನೀರು ತುಂಬಿದ ಹಾಗೆ ಇನ್ನೂ ಗಟ್ಟಿಯಾಗುತ್ತದೆ. ಸಣ್ಣ ತುಂತುರು ವೈರ್ ಹಿಡಿದು ಬೋರ್ಡ್‌ವರೆಗೂ ಬರುತ್ತದೆ. ಕೃಷ್ಣಾ ನೀರು ತುಂಬುವ ಮನೆಗಳಲ್ಲಿ ನಾನು ಇದನ್ನು ಕಂಡದ್ದು ಕಡಿಮೆ.

ಎಲ್ಲರೂ ಬೋರ್ಡ್ ಒರೆಸೋದು ಥಿನ್ನರ್‌ನಿಂದ. ನಾನೂ ಒರೆಸಿದೆ, ಫಳಫಳ ಹೊಳೆಯಿತು, ವಾರಕ್ಕೆ ಮತ್ತೆ ಬಿಳಿ. ಥಿನ್ನರ್‌ಗೆ ಫ್ಲಕ್ಸ್ ಕರಗುತ್ತದೆ, ಉಪ್ಪು ಕರಗುವುದಿಲ್ಲ. ಪೆಟ್ರೋಲೂ ಅಷ್ಟೇ. ಇದಕ್ಕೆ ನೀರೇ ಬೇಕು. ನೀರು ಬೆರೆಸಿದ ವಿನೆಗರ್ ಹಚ್ಚಿ ಹಳೇ ಟೂತ್‌ಬ್ರಶ್‌ನಿಂದ ತಿಕ್ಕಿ, ಆರ್‌ಓ ನೀರಿನಲ್ಲಿ ಎರಡು ಮೂರು ಸಲ ತೊಳೆದು, ಮಾಳಿಗೆ ಮೇಲೆ ಬಿಸಿಲಿಗೆ ಇಡುತ್ತೇನೆ. ಬಜರ್ ತೂತಿಗೆ ಮೊದಲೇ ಟೇಪ್ ಅಂಟಿಸಿ. ನಮ್ಮ ಬಿಸಿಲಿಗೆ ಒಂದು ದಿನ ಸಾಕು, ಆದರೂ ನಾನು ಮರುದಿನ ಮಧ್ಯಾಹ್ನದವರೆಗೂ ಬಿಡುತ್ತೇನೆ, ರಿಲೇ ಅಡಿಯಲ್ಲಿ ನೀರು ಕೂತಿರುತ್ತದೆ.

ಗಾಂಧಿ ಚೌಕದ ಕಡೆಯ ಹಿರಿಯ ಮೆಕ್ಯಾನಿಕ್ ಒಬ್ಬರಿಗೆ ಇದನ್ನು ಹೇಳಿದಾಗ, "ತಮ್ಮಾ, ಬೋರ್ಡ್ ತೊಳದ್ರ ರಿಪೇರಿ ಆಗ್ತದೇನು? ಸುಮ್ನ ಹೊಸಾದು ಹಾಕು" ಅಂದರು. "ಕಾಕಾ, ಒಂದು ಸೀಸನ್ ನೋಡೋಣ್ರಿ" ಅಂದೆ. ಈ ವರ್ಷ ಅವರೇ ಎರಡು ಬೋರ್ಡ್ ನನ್ನ ಹತ್ತಿರ ಕಳಿಸಿದ್ದಾರೆ.

ತೊಳೆದರಷ್ಟೇ ಸಾಲದು. ಐಸಿಯ ಫ್ಯಾನ್ ಇನ್‌ಪುಟ್ ಕಾಲಿನಿಂದ ಗ್ರೌಂಡ್‌ಗೆ ಒಂದು ರೆಸಿಸ್ಟರ್ ಹಾಕುತ್ತೇನೆ, ಸೋರಿ ಬಂದದ್ದು ಅದರ ಮೂಲಕ ಇಳಿದು ಹೋಗುತ್ತದೆ. ತೀರಾ ಕಡಿಮೆ ವ್ಯಾಲ್ಯೂ ಹಾಕಿದರೆ 5 ವೋಲ್ಟ್ ಲೈನ್ ಕುಸಿದು ರಿಮೋಟ್ ಕೆಲಸ ಮಾಡುವುದಿಲ್ಲ, ಜಾಸ್ತಿ ಹಾಕಿದರೆ ಉಪಯೋಗವಿಲ್ಲ. ಸರಿಯಾದ ವ್ಯಾಲ್ಯೂ ನಾನು ಬಹಳ ಬೋರ್ಡ್ ಹಾಳು ಮಾಡಿ ಕಂಡುಕೊಂಡದ್ದು, ಅದನ್ನು ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಆಮೇಲೆ ಲೇಪನ. ನೇಲ್ ಪಾಲಿಶ್ ಹಚ್ಚಿ ನೋಡಿದ್ದೇನೆ, ಒಂದೇ ಬೇಸಿಗೆಗೆ ಬಿರುಕು ಬಿಟ್ಟಿತು. ಬಿಸಿ ಅಂಟು ಸುರಿದರೆ ಪಕ್ಕದಿಂದ ಬಿಟ್ಟುಕೊಂಡು ಒಳಗೇ ತೇವ ಹಿಡಿದಿಟ್ಟುಕೊಳ್ಳುತ್ತದೆ, ಇನ್ನೂ ಕೆಟ್ಟದು. ಈಗ ರಿವೈಂಡಿಂಗ್ ಅಂಗಡಿಯ ವಾರ್ನಿಷ್ ಹಚ್ಚುತ್ತೇನೆ, ಎರಡು ಕೋಟ್. ಅದಕ್ಕೆ ಏನು, ಎಷ್ಟು ಬೆರೆಸುತ್ತೇನೆ ಅನ್ನೋದನ್ನೂ ಇಲ್ಲಿ ಹೇಳುವುದಿಲ್ಲ. ಕನೆಕ್ಟರ್ ಪಿನ್‌ಗಳಿಗೆ ಮಾತ್ರ ತಾಗಬಾರದು.

ವೈರ್‌ಗಳನ್ನು ಬೋರ್ಡ್ ಡಬ್ಬಿಗೆ ಮೇಲಿನಿಂದ ಇಳಿಸಬೇಡಿ. ಕೆಳಗೆ ಒಂದು ಬಳಸು ಕೊಟ್ಟು ಅಡಿಯಿಂದ ಒಳಗೆ ಬಿಡಿ, ಹನಿ ಬಳಸಿನಲ್ಲೇ ಬಿದ್ದುಹೋಗುತ್ತದೆ. ಇದಕ್ಕೆ ಖರ್ಚೇ ಇಲ್ಲ.

ನಡುವೆ ರಿಲೇನೇ ಬೇಡ ಅಂತ ಕಾಂಟ್ಯಾಕ್ಟ್ ಇಲ್ಲದ ಎಲೆಕ್ಟ್ರಾನಿಕ್ ಸಾಲಿಡ್ ಸ್ಟೇಟ್ ರಿಲೇ ಹಾಕಿಯೂ ನೋಡಿದೆ, ಒಂದಕ್ಕೆ 250 ರೂಪಾಯಿ ಆಸುಪಾಸು. ಟಕ್ ಸದ್ದಿಲ್ಲ, ಕಿಡಿ ಇಲ್ಲ, ಖುಷಿಯಾಗಿತ್ತು. ಮೂರು ವಾರಕ್ಕೆ ಒಳಗೇ ಶಾರ್ಟ್ ಆಗಿ ಕೂತಿತು, ಫ್ಯಾನ್ ಮತ್ತೆ ನಿಲ್ಲಲೊಲ್ಲದು. ಅದನ್ನು ಅಲ್ಲಿಗೇ ಬಿಟ್ಟೆ.

ಒಟ್ಟು ಸಾಮಾನು 70, 80 ರೂಪಾಯಿ ಆಗುತ್ತದೆ, ನಾನು 450 ತಗೊಳ್ಳುತ್ತೇನೆ, ಒಂದು ಸೀಸನ್ ಗ್ಯಾರಂಟಿ ಬರೆದು ಕೊಡುತ್ತೇನೆ. ಕೊಡುವ ಮುಂಚೆ ಅಂಗಡಿಯಲ್ಲೇ ಟ್ಯಾಂಕಿಗೆ ಬೋರ್ ನೀರು ತುಂಬಿ ಇಡೀ ರಾತ್ರಿ ಓಡಿಸಿ, ಬೆಳಿಗ್ಗೆ ಆಫ್ ಒತ್ತಿ ಕಾಯಿಲ್ ವೋಲ್ಟ್ ನೋಡುತ್ತೇನೆ, ಅರ್ಧ ವೋಲ್ಟ್‌ಗಿಂತ ಕೆಳಗೆ ಇದ್ದರೆ ಮಾತ್ರ ಮನೆಗೆ ಹೋಗುತ್ತದೆ. ರಿಲೇ ಬದಲು ಟ್ರಯಾಕ್ ಅನ್ನುವ ಎಲೆಕ್ಟ್ರಾನಿಕ್ ಸ್ವಿಚ್ ಇರುವ ಬೋರ್ಡ್‌ಗಳಿಗೆ ಈ ಪ್ಲಗ್ ಪರೀಕ್ಷೆ ಹೊಂದುವುದಿಲ್ಲ, ಟ್ರಯಾಕ್‌ಗೆ ರಿಲೇ ಥರ ಹಿಡಿದು ಕೂರುವ ಕಾಯಿಲ್ ಇಲ್ಲ. ಅಲ್ಲಿ ಮೊದಲು ಟ್ರಯಾಕ್ ಶಾರ್ಟ್ ಆಗಿದೆಯಾ ನೋಡಿ.