ಕೋಳಿ ಮೇವಿಗೆ ಅರಸಿನ, ಬೆಳ್ಳುಳ್ಳಿ: ಕೈಯಳತೆ ಬಿಡಿ, ತಕ್ಕಡಿ ಹಿಡಿಯಿರಿ

ಕಾಸರಗೋಡಿನ ಪೆರ್ಲ, ಬದಿಯಡ್ಕ ಕಡೆಯ ಅಡಿಕೆ ತೋಟದ ಮನೆಗಳಲ್ಲಿ ಹತ್ತಿಪ್ಪತ್ತು ಕೋಳಿ ಇರುವುದು ಹೊಸತಲ್ಲ. ಪೇಟೆಯಿಂದ ಬರುವ ಮೇವಿನ ಚೀಲ, ಅದರ ಜೊತೆಗೆ ‘ಒಂದು ಚಮಚ ಈ ಪುಡಿ ಕಲಸಿ, ಬೇಗ ತೂಕ ಬರುತ್ತದೆ’ ಎಂಬ ಉಚಿತ ಸಲಹೆ, ಇವು ಹೊಸತು. ಪುಡಿಯಲ್ಲಿ ಏನಿದೆ ಎಂದು ಕೇಳುವವರು ಕಡಿಮೆ, ಅದು ಆಂಟಿಬಯಾಟಿಕ್ ಆಗಿರಲೂಬಹುದು.

ಮೇವಿಗೆ ಆಂಟಿಬಯಾಟಿಕ್ ತುಸು ಬೆರೆಸಿದರೆ ಮರಿಗಳು ಬೇಗ ಬೆಳೆಯುತ್ತವೆ ಎಂದು 1940ರ ದಶಕದ ಕೊನೆಗೇ ಗೊತ್ತಾಗಿತ್ತು. ಆದರೆ ದಿನವೂ ಚೂರುಚೂರು ಮದ್ದು ಕಂಡ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗದಂತಾಗುತ್ತದೆ. ಅದೇ ಬ್ಯಾಕ್ಟೀರಿಯಾ ಮನುಷ್ಯರಿಗೆ ತಗಲಿದಾಗ ಆಸ್ಪತ್ರೆಯ ಮದ್ದೂ ಸೋಲುತ್ತದೆ. ಬೆಳವಣಿಗೆಗಾಗಿ ಮೇವಿಗೆ ಬೆರೆಸುವುದನ್ನು ಯುರೋಪಿಯನ್ ಒಕ್ಕೂಟ 2006ರಿಂದ ಪೂರ್ತಿ ನಿಲ್ಲಿಸಿತು. ಬೇರೆ ಯಾವುದೂ ನಾಟದಾಗ ವೈದ್ಯರು ಕೊಡುವ ಕೊಲಿಸ್ಟಿನ್ ಅನ್ನು ಕೋಳಿ, ಜಾನುವಾರುಗಳಿಗೆ ಬಳಸಬಾರದೆಂದು ಭಾರತ 2019ರಲ್ಲಿ ನಿಷೇಧಿಸಿತು.

ಅದರ ಬದಲಿಗೆ ಏನು ಎಂಬುದಕ್ಕೆ ಉತ್ತರ ನಮ್ಮ ಜಾಲಿನಲ್ಲೇ (ಅಂಗಳದಲ್ಲೇ) ಸ್ವಲ್ಪ ಇದೆ: ಅರಸಿನ, ಬೆಳ್ಳುಳ್ಳಿ, ಒಳ್ಳೆಮೆಣಸು (ಕಾಳುಮೆಣಸು). ಇವು ಮೇವಿನ ಭಾಗವೇ ಹೊರತು ರೋಗ ಬಂದ ಮೇಲಿನ ಮದ್ದಲ್ಲ.

ಸೊಪ್ಪು, ಬೇರು ಹುಡುಕುವ ಮೊದಲು ಗೂಡು ನೋಡಿ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ನೆಲಕ್ಕೆ ಹಾಸಿದ ಮರದ ಹುಡಿ ಹಿಡಿದು ಹಿಂಡಿದರೆ ಉಂಡೆ ಕಟ್ಟುತ್ತದೆಯೇ? ಹಾಗಾದರೆ ಬದಲಿಸಿ, ರಕ್ತಭೇದಿಯ ಜೀವಿ ಬೆಳೆಯುವುದು ಆ ತೇವದಲ್ಲಿ. ತೆಂಗಿನ ಹಿಂಡಿಯ ಮೇಲೆ ಹಸಿರು ಬೂಸು (ಬೂಷ್ಟು) ಕಂಡರೆ ಅದನ್ನು ಕೆರೆದು ಹಾಕುವ ಜಿಪುಣತನ ಬೇಡ. ಬೂಸಿನ ಅಫ್ಲಾಟಾಕ್ಸಿನ್ ವಿಷ ಹಿಂಡಿಯ ಒಳಗೂ ಇಳಿದಿರುತ್ತದೆ, ಕೋಳಿಯ ಯಕೃತ್ತನ್ನು ಕೆಡಿಸುತ್ತದೆ. ಅದಕ್ಕೆ ಯಾವ ಕಷಾಯವೂ ಪರಿಹಾರವಲ್ಲ.

ಈಗ ಹತ್ತು ಕಿಲೋ ಮೇವಿನ ಲೆಕ್ಕ. ಮೊಟ್ಟೆಯಿಡುವ ಕೋಳಿ ದಿನಕ್ಕೆ ಸುಮಾರು 110 ಗ್ರಾಂ ತಿನ್ನುತ್ತದೆ, ಇಪ್ಪತ್ತು ಕೋಳಿಗೆ ಇದು ನಾಲ್ಕು ದಿನಕ್ಕೆ ಸಾಕು. ಬೇಕಾದದ್ದು 50 ಗ್ರಾಂ ಅರಸಿನ ಹುಡಿ, 50 ಗ್ರಾಂ ಒಣ ಬೆಳ್ಳುಳ್ಳಿ ಹುಡಿ, 10 ಗ್ರಾಂ ಒಳ್ಳೆಮೆಣಸಿನ ಹುಡಿ, 50 ಮಿಲಿಲೀಟರ್ ತೆಂಗಿನೆಣ್ಣೆ.

ಬೆಳ್ಳುಳ್ಳಿಯಲ್ಲಿ ಎಡವುವವರೇ ಹೆಚ್ಚು. ಅದರ ಬಲವಿರುವುದು ಆಲಿಸಿನ್ ಎಂಬ ಅಂಶದಲ್ಲಿ, ಅದು ಇಡೀ ಎಸಳಿನಲ್ಲಿ ಇರುವುದೇ ಇಲ್ಲ. ಎಸಳನ್ನು ಜಜ್ಜಿದಾಗ ಒಳಗಿನ ಕಿಣ್ವವೊಂದು ಅದನ್ನು ಹುಟ್ಟಿಸುತ್ತದೆ. ಕುದಿಸಿದರೆ ಆ ಕಿಣ್ವ ಸಾಯುತ್ತದೆ. ಆದ್ದರಿಂದ ಹುರಿಯಬೇಡಿ, ಬೇಯಿಸಬೇಡಿ. ಎಸಳನ್ನು ತೆಳ್ಳಗೆ ಹೆಚ್ಚಿ ನೆರಳಿನಲ್ಲಿ, ಗಾಳಿ ಬರುವಲ್ಲಿ ಹರಡಿ. ಮುರಿದಾಗ ಟಕ್ಕನೆ ತುಂಡಾಗುವವರೆಗೆ ಒಣಗಬೇಕು, ಬಾಗಿದರೆ ಇನ್ನೂ ಒಂದು ದಿನ. ಸುಲಿದ 150 ಗ್ರಾಂ ಹಸಿ ಬೆಳ್ಳುಳ್ಳಿಗೆ ಸುಮಾರು 50 ಗ್ರಾಂ ಹುಡಿ ಸಿಗುತ್ತದೆ. ಹುಡಿಯನ್ನು ಚಿಟಿಕೆ ತೆಗೆದು ನೀರು ಹನಿಸಿ ನೋಡಿ: ಮಂಕಾಗಿದ್ದ ವಾಸನೆ ಮೂಗಿಗೆ ಅಡರಿದರೆ ಕಿಣ್ವ ಬದುಕಿದೆ. ಮಳೆಗಾಲದಲ್ಲಿ ಒಣಗಿಸುವ ಪಾಡು ಬೇಡವೆನ್ನುವವರು ಹಸಿ ಎಸಳನ್ನು ಜಜ್ಜಿ, ಹತ್ತು ನಿಮಿಷ ಬಿಟ್ಟು, ಆಯಾ ದಿನದ ಮೇವಿಗಷ್ಟೇ ಬೆರೆಸಬಹುದು.

ಅರಸಿನದ ಕಥೆ ಬೇರೆ. ಅದರ ಹಳದಿ ಸಾರವಾದ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಹಾಗಾಗಿ ಕುಡಿಯುವ ನೀರು ಹಳದಿಯಾಯಿತೆಂದು ಸಂತೋಷಪಡುವುದರಲ್ಲಿ ಅರ್ಥವಿಲ್ಲ. ಎಣ್ಣೆಯನ್ನು ಬೆರಳಿಗೆ ಬೆಚ್ಚಗಾಗುವಷ್ಟು ಕಾಯಿಸಿ ಇಳಿಸಿ, ಅರಸಿನ, ಒಳ್ಳೆಮೆಣಸು ಕಲಸಿ. ಮೆಣಸಿನ ಖಾರದ ಅಂಶವಾದ ಪೈಪರಿನ್, ಕರ್ಕ್ಯುಮಿನ್ ಮೈಗೆ ಹತ್ತಲು ನೆರವಾಗುತ್ತದೆ. ಬಣ್ಣಕ್ಕಾಗಿ ಸೀಸದ ಕ್ರೋಮೇಟ್ ಬೆರೆಸಿದ ಅರಸಿನವೂ ಮಾರುಕಟ್ಟೆಯಲ್ಲಿ ಸಿಕ್ಕಿದ್ದುಂಟು. ತೋಟದ ಗಡ್ಡೆಯಿದ್ದರೆ ಅದನ್ನೇ ಬಳಸಿ.

ಈ ಮುದ್ದೆಯನ್ನು ನೇರ ಚೀಲಕ್ಕೆ ಸುರಿದರೆ ಒಂದು ಕೋಳಿಗೆ ಎಲ್ಲ, ಇನ್ನೊಂದಕ್ಕೆ ಏನೂ ಇಲ್ಲ. ಮೊದಲು ಅರ್ಧ ಕಿಲೋ ಮೇವಿಗೆ ಕೈಯಲ್ಲಿ ತಿಕ್ಕಿ ಸೇರಿಸಿ, ಬೆಳ್ಳುಳ್ಳಿ ಹುಡಿಯನ್ನೂ ಬೆರೆಸಿ. ಅದನ್ನು ಎರಡು ಕಿಲೋಗೆ, ಆಮೇಲೆ ಉಳಿದದ್ದಕ್ಕೆ ಮಗುಚಿ. ಎಲ್ಲೂ ಹಳದಿ ಗಂಟು ಉಳಿಯಬಾರದು. ಮುಚ್ಚಳದ ಡಬ್ಬಿಯಲ್ಲಿಟ್ಟು ನಾಲ್ಕೈದು ದಿನದಲ್ಲಿ ಮುಗಿಸಿ, ಇಲ್ಲದಿದ್ದರೆ ಎಣ್ಣೆ ಕಮಟುತ್ತದೆ.

ಹೆಚ್ಚು ಹಾಕಿದರೆ ಹೆಚ್ಚು ಗುಣ ಎಂಬ ಆಸೆ ನನಗೂ ಇತ್ತು. ಒಮ್ಮೆ ಬೇವಿನ ಸೊಪ್ಪಿನ ಹುಡಿಯನ್ನು ಬೊಗಸೆಯಲ್ಲಿ ಸುರಿದೆ. ಕೋಳಿಗಳು ತಟ್ಟೆಯ ಸುತ್ತ ಒಂದು ಸುತ್ತು ಹೊಡೆದು, ಕೊಕ್ಕಿನಲ್ಲಿ ಮೇವು ಚೆಲ್ಲಿ ಹೊರಟುಹೋದವು. ಎರಡು ದಿನ ಮೊಟ್ಟೆಯೂ ಇಳಿಯಿತು. ಬೆಳ್ಳುಳ್ಳಿ ಅತಿಯಾದರೆ ಅದರ ವಾಸನೆ ಮೊಟ್ಟೆಗೂ ಬರಬಹುದು.

ರಾಣಿಖೇತ್ ಎಂಬ ಕೋಳಿ ರೋಗದ ಲಸಿಕೆಯನ್ನು ಇದಕ್ಕಾಗಿ ತಪ್ಪಿಸಬೇಡಿ. ಮರಿಗೆ ಐದರಿಂದ ಏಳನೆಯ ದಿನದೊಳಗೆ ಲಸೋಟ ಎಂಬ ಆ ಲಸಿಕೆ ಬೀಳಲೇಬೇಕು. ನೀರಿನಲ್ಲಿ ಲಸಿಕೆ ಕೊಡುವ ದಿನ ಆ ನೀರಿಗೆ ಮದ್ದು, ಹುಡಿ, ಕಷಾಯ ಬೇಡ. ಹಿಕ್ಕೆಯಲ್ಲಿ ರಕ್ತ ಕಂಡರೆ ಅಂದೇ ಪಶು ಆಸ್ಪತ್ರೆಗೆ ಹೋಗಿ, ಹಿಕ್ಕೆಯನ್ನು ಸಣ್ಣ ಡಬ್ಬಿಯಲ್ಲಿ ಒಯ್ಯಿರಿ. ವೈದ್ಯರು ಆಂಟಿಬಯಾಟಿಕ್ ಬರೆದರೆ ಹೇಳಿದಷ್ಟು ದಿನ ಕೊಡಿ, ಮೊಟ್ಟೆ, ಮಾಂಸ ಎಷ್ಟು ದಿನ ಬಳಸಬಾರದೆಂದೂ ಕೇಳಿಕೊಳ್ಳಿ.

ಗುಣ ಇದೆಯೇ ಎಂದು ತಿಳಿಯಲು ಒಂದೇ ವಯಸ್ಸಿನ ಇಪ್ಪತ್ತು ಕೋಳಿಗಳನ್ನು ಹತ್ತು ಹತ್ತಾಗಿ ಎರಡು ಕೋಣೆಯಲ್ಲಿಡಿ. ಒಂದಕ್ಕೆ ಬೆರೆಸಿದ ಮೇವು, ಇನ್ನೊಂದಕ್ಕೆ ಬರಿಯ ಮೇವು. ವಾರಕ್ಕೊಮ್ಮೆ ಬೆಳಿಗ್ಗೆ ಮೇವು ಹಾಕುವ ಮುನ್ನ ತೂಗಿ, ಮೊಟ್ಟೆಯ ಕೋಳಿಯಾದರೆ ಮೊಟ್ಟೆ ಎಣಿಸಿ, ತಿಂದ ಮೇವನ್ನೂ ಬರೆದಿಡಿ. ಆರು ವಾರದ ಮೇಲೂ ಎರಡು ಕೋಣೆ ಸಮಸಮ ಇದ್ದರೆ, ಬೆಳ್ಳುಳ್ಳಿಯನ್ನು ನಿಮ್ಮ ಸಾರಿನ ಒಗ್ಗರಣೆಗೇ ಇಟ್ಟುಕೊಳ್ಳಿ.